ಮೊದಲ ಸಾಲು ಮುಗಿಯುವವರೆಗೆ

ಕುಂಟಲಕಜೆ, ಕಾಣಿಯೂರು
15 ಸೆಪ್ಟೆಂಬರ್ 2024

ಶ್ರೀಮತಿ ಈಶ್ವರಿ ಅವರಿಗೆ,

ಕುಂಟಲಕಜೆ ನೀರಿನ ಹಕ್ಕು ಹೋರಾಟ ಸಮಿತಿಯ ಪರವಾಗಿ ಈ ಪತ್ರ. ನಿಮ್ಮ ಹುಬ್ಬಳ್ಳಿಯ ವಿಳಾಸವನ್ನು ಸವಣೂರಿನ ನಿವೃತ್ತ ಪೋಸ್ಟ್‌ಮ್ಯಾನ್ ಮುರಳಿಕೃಷ್ಣ ಅವರು ಕೊಟ್ಟರು. ನಮ್ಮ ಪರಿಚಯ ನಿಮಗಿಲ್ಲ. ನಿಮ್ಮ ಮನೆತನವನ್ನು ನಾವು ಬಲ್ಲೆವು. ಈ ಊರಿಗೆ ಮೊದಲು ಬಂದು ಕಾಡು ಕಡಿದು ತೋಟ ಮಾಡಿದವರು ನಿಮ್ಮವರು ಎಂದು ನಮ್ಮ ಶಾಲೆಯ ಗೋಡೆಯ ಕಲ್ಲಿನಲ್ಲಿ ಕೆತ್ತಿದ್ದಾರೆ. ಕತ್ತಿ ಹಿಡಿದ ಕೈಗಳು ಯಾರವು ಎಂದು ಕೆತ್ತಿಲ್ಲ.

ದಾಖಲೆಗಾಗಿ ವಿಷಯವನ್ನು ಮೊದಲಿನಿಂದ ಬರೆಯುತ್ತೇವೆ. ಮಳೆ ಮುಗಿದ ಮೇಲೆ ಊರವರು ತೋಡಿಗೆ, ಅಂದರೆ ಊರ ಹಳ್ಳಕ್ಕೆ, ಅಡ್ಡವಾಗಿ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆಗಳಿಂದ ಕಟ್ಟ ಎಂಬ ಒಡ್ಡು ಕಟ್ಟುತ್ತಿದ್ದರು. ನೀರು ಏರಿ, ಕಣಿ ಎಂಬ ಸಣ್ಣ ಕಾಲುವೆಯಲ್ಲಿ ಹರಿದು, ಕೆಳಬದಿಯ ಏಳು ಮನೆಗಳಿಗೆ ಬರುತ್ತಿತ್ತು. ಮುಂದಿನ ಮಳೆಗೆ ಕಟ್ಟ ಒಡೆಯುತ್ತಿತ್ತು, ಡಿಸೆಂಬರಿನಲ್ಲಿ ಮತ್ತೆ ಕಟ್ಟುತ್ತಿದ್ದರು. ಆದರೆ ಕಲ್ಲಿನ ಮೊದಲ ಸಾಲು ಮುಗಿಯುವವರೆಗೆ ನಿಮ್ಮ ಕಜೆ ಮನೆಯ ಒಬ್ಬರು ತೋಡಿನ ನಡುವೆ ನೀರಿನಲ್ಲಿ ನಿಂತಿರಬೇಕು ಎಂಬುದು ಕಟ್ಟಳೆ. 2001ರಲ್ಲಿ ನೀವು ಆಸ್ತಿ ಮಾರಿ ಹೋದಿರಿ. ನಿಲ್ಲಲು ಕಜೆಯವರಿಲ್ಲ ಎಂದು ಊರವರು ಕಟ್ಟುವುದನ್ನೇ ಬಿಟ್ಟರು. ಮೇಲುಬದಿಯವರು ಬೋರ್‌ವೆಲ್ ಕೊರೆಸಿದರು. ಕೆಳಬದಿಯ ಬಾವಿಗಳಲ್ಲಿ ಈಗ ಫೆಬ್ರವರಿಗೇ ಕೆಸರು.

ಕಲ್ಲು ಹೊರುವವರು ಇಪ್ಪತ್ತು ಮಂದಿ, ನಡುವೆ ನಿಂತು ನೋಡುವವರು ಒಬ್ಬರು! ಭೂಮಿ ಕೈ ಬದಲಾದರೂ ಜಮೀನ್ದಾರಿಯ ನೆರಳು ತೋಡಿನಲ್ಲಿ ಹಾಗೆಯೇ ಉಳಿದಿದೆ. ಆದುದರಿಂದ ‘ಕಟ್ಟದಲ್ಲಿ ನಮ್ಮ ಮನೆಗೆ ಯಾವ ಹಕ್ಕೂ ಇಲ್ಲ, ನಾವಿಲ್ಲದೆ ಕಟ್ಟಬಹುದು’ ಎಂದು ಬರೆದು, ಸಹಿ ಹಾಕಿ, ಅಕ್ಟೋಬರ್ 10ರ ಒಳಗೆ ಕಳುಹಿಸಬೇಕು. ತಪ್ಪಿದಲ್ಲಿ ಸಮಿತಿಯು ಮುಂದಿನ ಕ್ರಮ ಕೈಗೊಳ್ಳುವುದು.

ದಿಶಾಂತ್
ಕಾರ್ಯದರ್ಶಿ

---

ಹುಬ್ಬಳ್ಳಿ
3 ಅಕ್ಟೋಬರ್ 2024

ದಿಶಾಂತ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಲಕೋಟೆಯ ಮೇಲೆ ಫೋನ್ ನಂಬರು ಬರೆದಿದ್ದೀರಿ. ನನಗೆ ಆರು ವರ್ಷದಿಂದ ಕಿವಿ ಸ್ವಲ್ಪವೂ ಕೇಳಿಸುವುದಿಲ್ಲ. ಯಂತ್ರ ಹಾಕಿಸಿಕೊಂಡೆ, ಅದರಲ್ಲಿ ಗಾಳಿಯ ಸದ್ದು ಮಾತ್ರ ಕೇಳಿಸಿತು, ತೆಗೆದಿಟ್ಟೆ. ಫೋನಿನ ಸಣ್ಣ ಅಕ್ಷರ ಕಣ್ಣಿಗೆ ಹಿಡಿಯುವುದಿಲ್ಲ. ಹಾಗಾಗಿ ಪತ್ರವೇ ಅನುಕೂಲ. ವಿದ್ಯುತ್ ಬಿಲ್ಲು ಬಿಟ್ಟರೆ ನನ್ನ ಹೆಸರಿಗೆ ಈ ವರ್ಷ ಬಂದ ಕಾಗದ ನಿಮ್ಮದೊಂದೇ.

ಮನೆ, ತೋಟ ಎಲ್ಲವನ್ನೂ ಮಾರಿದವನು ನನ್ನ ತಮ್ಮ ಉದಯಶಂಕರ. ಅವನು ಈಗಿಲ್ಲ. ನಾನು ಇಪ್ಪತ್ತೆರಡನೆಯ ವಯಸ್ಸಿಗೇ ಇಲ್ಲಿನ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಬಂದವಳು. ನಾನು ಏನನ್ನು ಬರೆದುಕೊಡಬಹುದು ಎಂದು ಯೋಚಿಸುತ್ತಿದ್ದೇನೆ.

ಕೆಳಬದಿಯಲ್ಲಿ ಸೀತು ಎಂಬವರು ಇದ್ದರು. ಇದ್ದಾರೆಯೆ? ನಿಮ್ಮ ಸಮಿತಿಯಲ್ಲಿ ಅವರೂ ಇದ್ದಾರೆಯೆ? ಒಟ್ಟು ಎಷ್ಟು ಮಂದಿ ಇದ್ದೀರಿ?

ಈಶ್ವರಿ

---

ಕುಂಟಲಕಜೆ
12 ಅಕ್ಟೋಬರ್ 2024

ಶ್ರೀಮತಿ ಈಶ್ವರಿ ಅವರಿಗೆ,

ಯೋಚಿಸಲು ಸಮಯ ಕೇಳುವುದು ಉಳ್ಳವರ ಹಳೆಯ ಉಪಾಯ. ಬಾವಿ ಬತ್ತುವವರಿಗೆ ಆ ಸಮಯ ಇರುವುದಿಲ್ಲ.

ಸಮಿತಿಯ ಸದಸ್ಯರ ಸಂಖ್ಯೆ ಆಂತರಿಕ ವಿಷಯ. ನೀವು ಕೇಳಿದ ಸೀತು ಎಂಬ ಮಹಿಳೆ ಜೀವಂತ ಇದ್ದಾರೆ, ಆರೋಗ್ಯವಾಗಿದ್ದಾರೆ. ಅವರಿಗೂ ಈ ವ್ಯವಹಾರಕ್ಕೂ ಸಂಬಂಧವಿಲ್ಲ.

ನಾವು ಅಚ್ಚು ಹಾಕಿಸಿದ ಕರಪತ್ರವನ್ನು ಇದರೊಂದಿಗೆ ಇಟ್ಟಿದ್ದೇವೆ. ‘ನೀರಿಗೆ ಧಣಿ ಯಾರು?’ ಎಂಬುದು ಅದರ ಶೀರ್ಷಿಕೆ. ನಾನು ಸವಣೂರಿನಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕದಲ್ಲಿ ದುಡಿಯುವವನು. ಪಿಯುಸಿಗೆ ನಿಲ್ಲಿಸಿದವನು. ಪುತ್ತೂರಿನ ಗುಜರಿ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುವ ಹಳೆಯ ಕರಪತ್ರಗಳನ್ನು ಓದಿ ಇಷ್ಟು ಕಲಿತೆ. ನೀವು ಟೀಚರ್ ಆಗಿದ್ದವರು. ತಪ್ಪಿದ್ದರೆ ತಿದ್ದಿ ಕಳುಹಿಸಬಹುದು, ನಮಗೆ ನಾಚಿಕೆ ಇಲ್ಲ. ಆದರೆ ಸಹಿಯೂ ಬರಲಿ.

ದಿಶಾಂತ್
ಕಾರ್ಯದರ್ಶಿ

---

ಹುಬ್ಬಳ್ಳಿ
24 ಅಕ್ಟೋಬರ್ 2024

ದಿಶಾಂತ್ ಅವರಿಗೆ,

ಕರಪತ್ರ ಓದಿದೆ. ಅಕ್ಷರದ ತಪ್ಪು ಎರಡೇ ಇದೆ, ಗುರುತು ಹಾಕಿದ್ದೇನೆ. ವಿಷಯದ ತಪ್ಪು ಒಂದಿದೆ. ಅದನ್ನು ಅಂಚಿನಲ್ಲಿ ಬರೆಯಲು ಜಾಗ ಸಾಲಲಿಲ್ಲ.

ನನ್ನ ಅಜ್ಜನ ತಂದೆ ಶ್ರೀರಾಮ ಎಂಬವರು ಆ ಊರಿಗೆ ಬಂದು ನಾಲ್ಕನೆಯ ವರ್ಷ. ಹೊಸ ಅಡಿಕೆ ಸಸಿಗಳು ಒಣಗಬಾರದು ಎಂಬ ಅವಸರ. ತೋಡಿನ ಸೆಳೆತ ಇಳಿಯುವ ಮೊದಲೇ, ಅಕ್ಟೋಬರಿನಲ್ಲೇ, ಕಟ್ಟ ಕಟ್ಟಿಸಲು ಹೊರಟರು. ಐತ ಎಂಬ ಆಳನ್ನು ನೀರಿಗೆ ಇಳಿಸಿದರು. ಅವನು ಬೇಡ ಎಂದನಂತೆ. ಇವರು ದಡದಲ್ಲಿ ನಿಂತು ಇಳಿ ಎಂದರಂತೆ. ಎರಡು ದಿನದ ಮೇಲೆ, ತೋಡು ಹೊಳೆಗೆ ಸೇರುವಲ್ಲಿ ಅವನು ಸಿಕ್ಕಿದ. ಅವನಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಹಾಗಾಗಿ ಅವನ ಹೆಸರು ಹೇಳುವವರೂ ಇಲ್ಲ. ನಮ್ಮ ಮನೆಯಲ್ಲಿ ಹೇಳುತ್ತಿದ್ದರು, ಬಾಗಿಲು ಹಾಕಿಕೊಂಡು.

ಆಮೇಲೆ ಯಾರೂ ತೋಡಿಗೆ ಇಳಿಯಲಿಲ್ಲ. ಆ ವರ್ಷ ಸಸಿಗಳೆಲ್ಲ ಸತ್ತವು. ಮರುವರ್ಷ ಕೆಲಸದವರು ಒಂದು ಷರತ್ತು ಹಾಕಿದರು: ‘ನಿಮ್ಮ ಮನೆಯವರು ಒಬ್ಬರು ನಮ್ಮ ಎದುರು ನೀರಲ್ಲಿ ನಿಲ್ಲಬೇಕು. ನಿಮ್ಮ ಸೊಂಟಕ್ಕಿಂತ ಮೇಲೆ ನೀರು ಬಂದರೆ ಆ ದಿನ ಕೆಲಸ ಇಲ್ಲ. ಮೊದಲ ಸಾಲು ಗಟ್ಟಿಯಾಗಿ ಕೂತ ಮೇಲೆ ನೀವು ಹತ್ತಬಹುದು.’

ನೀವು ಬರೆದ ನೆರಳು ಇದು. ಅದನ್ನು ಹಕ್ಕು ಎಂದು ಬರೆದು ಬಿಟ್ಟುಕೊಡಲು ನನಗೆ ಬರುವುದಿಲ್ಲ.

ಇನ್ನೊಂದು ಮಾತು, ಬೇಸರ ಮಾಡಬೇಡಿ. ನಾನು ಸಹಿ ಹಾಕಿದರೆ ಮರುದಿನ ಕಲ್ಲು ಎತ್ತಲು ನಿಮ್ಮ ಸಮಿತಿಯಲ್ಲಿ ಯಾರು ಬರುತ್ತಾರೆ?

ಈಶ್ವರಿ

---

ಕುಂಟಲಕಜೆ
9 ನವೆಂಬರ್ 2024

ಈಶ್ವರಿ ಅಮ್ಮನವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನ್ನಲ್ಲಿರುವ ಇನ್ನೂರು ಹಳೆಯ ಕರಪತ್ರಗಳಲ್ಲಿ ಇಂಥ ಮುಷ್ಕರದ ಸುದ್ದಿ ಇಲ್ಲ. ಅದು ನನ್ನ ಮನೆಯ ಎದುರೇ ಆದದ್ದು, ನಾನು ಅದನ್ನೇ ಬೈದು ಅಚ್ಚು ಹಾಕಿಸಿದೆ. ನನ್ನ ಕರಪತ್ರದ ಉಳಿದ ಪ್ರತಿಗಳನ್ನು ಒಲೆಗೆ ಹಾಕಿದೆ. ಉಳಿದದ್ದು ಎಂದರೆ ಹೆಚ್ಚು ಕಡಿಮೆ ಎಲ್ಲವೂ.

ನೀವು ಕೇಳಿದ ಪ್ರಶ್ನೆಗೆ ಉತ್ತರ: ಸಮಿತಿಯಲ್ಲಿ ನಾನೊಬ್ಬನೇ. ಮೊದಲ ಸಭೆಗೆ ಒಂಬತ್ತು ಜನ ಬಂದಿದ್ದರು. ಚಹಾ, ಬನ್ಸ್ ಇತ್ತು. ಎರಡನೆಯ ಸಭೆಗೆ ಬನ್ಸ್ ಇಲ್ಲ ಎಂದು ಗೊತ್ತಾಗಿ ಕಿಟ್ಟಣ್ಣ ಮಾತ್ರ ಬಂದರು. ಅವರು ಕಟ್ಟದ ಕಲ್ಲು ಜೋಡಿಸುವುದರಲ್ಲಿ ಪಳಗಿದ ಕೈ. “ಕಜೆಯವರು ನಿಲ್ಲದೆ ಕಟ್ಟ ಕಟ್ಟುದು ಹೇಗೆ ಮಾರಾಯ? ನೀನು ಓದಿದವ, ನಿನಗೆ ತಲೆ ಬಿಸಿ ಜಾಸ್ತಿ” ಎಂದು ಹೇಳಿ ಹೋದರು. ಮೂರನೆಯ ಸಭೆಯಲ್ಲಿ ನಾನು ಖಾಲಿ ಬೆಂಚಿನ ಎದುರು ವರದಿ ಓದಿದೆ. ನಗಬೇಡಿ. ಓದದೆ ಎದ್ದು ಹೋಗಲು ಮನಸ್ಸಾಗಲಿಲ್ಲ.

ಇನ್ನೊಂದನ್ನು ಮುಚ್ಚಿಟ್ಟಿದ್ದೆ. ಸೀತು ನನ್ನ ಅಜ್ಜಿ, ಅಪ್ಪನ ತಾಯಿ. ನಿಮ್ಮ ಮನೆಯ ಬದಲಿಗೆ 1969ರಿಂದ 2000ದವರೆಗೆ ಮೂವತ್ತೆರಡು ಸಲ ನೀರಲ್ಲಿ ನಿಂತವರು ಅವರು ಎಂದು ಊರಿಗೆಲ್ಲ ಗೊತ್ತು. ಅಸಲು ಮನೆಯೇ ಹೋದ ಮೇಲೆ ಬದಲಿ ನಿಲ್ಲುವಂತಿಲ್ಲ ಎಂದರು. ಸ್ವಂತ ಮನೆಯ ಸಿಟ್ಟು ಎಂದು ನೀವು ತಳ್ಳಿಹಾಕಬಾರದು ಎಂದು ಬರೆಯಲಿಲ್ಲ.

ಈಗ ನಿಮ್ಮ ಪತ್ರವನ್ನೇ ಹಿಡಿದು ಕೇಳುತ್ತೇನೆ. ಷರತ್ತು ಇದ್ದದ್ದು ಧಣಿಯ ಸೊಂಟಕ್ಕೆ. ನೀವು ನನ್ನ ಅಜ್ಜಿಯ ಸೊಂಟವನ್ನು ಇಟ್ಟಿರಿ. ನೀರು ಏರಿದ್ದರೆ ಮುಳುಗುತ್ತಿದ್ದದ್ದು ಯಾರು? ಐತನ ಹೆಸರನ್ನು ಬಾಗಿಲು ಹಾಕಿಕೊಂಡು ಹೇಳಿದಿರಿ. ನನ್ನ ಅಜ್ಜಿಯ ಹೆಸರನ್ನು ಎಲ್ಲಿ ಹೇಳಿದಿರಿ?

ದಿಶಾಂತ್

---

ಹುಬ್ಬಳ್ಳಿ
18 ನವೆಂಬರ್ 2024

ದಿಶಾಂತ್,

ಇನ್ನು ‘ಅವರಿಗೆ’ ಎಂದು ಬರೆಯುವುದಿಲ್ಲ. ಸೀತುವಿನ ಮೊಮ್ಮಗ ನೀನು. ಕೈಬರಹ ನೋಡಿ ಐವತ್ತು ದಾಟಿದವರು ಎಂದುಕೊಂಡಿದ್ದೆ.

ನಡೆದದ್ದನ್ನು ಬರೆಯುತ್ತೇನೆ. 1969ರ ಡಿಸೆಂಬರ್. ಅಪ್ಪ ಜ್ವರದಿಂದ ಮಲಗಿದ್ದರು, ತಮ್ಮನಿಗೆ ಒಂಬತ್ತು ವರ್ಷ, ನನಗೆ ಹದಿನಾರು. ಮನೆಯವರು ಯಾರಾದರೂ ಆದೀತು, ಗಂಡು ಹೆಣ್ಣು ಎಂಬ ಭೇದ ಇರಲಿಲ್ಲ. ನಾನು ಹೋದೆ. ನೀರು ಸೊಂಟದವರೆಗೆ ಇತ್ತು. ಕಾಲ ಕೆಳಗೆ ಕಲ್ಲು ಜಾರುತ್ತಿತ್ತು. ಎದುರು ದಡದಲ್ಲಿ ಇಪ್ಪತ್ತು ಮಂದಿ ಕಲ್ಲು ಹಿಡಿದು ನನ್ನನ್ನೇ ನೋಡುತ್ತಿದ್ದರು. ಐತ ನನ್ನ ಕಾಲು ಹಿಡಿದ ಹಾಗೆ ಆಯಿತು. ಹತ್ತಿ ಓಡಿದೆ. ಹಿಂದೆ ತಿರುಗಿ ನೋಡಿದಾಗ ನಾನು ನಿಂತಿದ್ದಲ್ಲಿ ಸೀತು ನಿಂತಿದ್ದಳು. ಯಾರೂ ಹೇಳಿರಲಿಲ್ಲ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಅಷ್ಟೆ.

ಮರುವರ್ಷ ಅಪ್ಪ ಗುಣವಾಗಿದ್ದರು. ಆದರೂ “ಸೀತು ಉಂಟಲ್ಲ, ಅವಳೇ ನಿಲ್ಲಲಿ” ಎಂದರು. ಅವರಿಗೆ ಸುಲಭವಾಯಿತು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ನಾನು ನಿಲ್ಲಬೇಕಾಗುತ್ತಿತ್ತು. ಪ್ರತಿ ಡಿಸೆಂಬರಿನಲ್ಲೂ ಆ ದಿನ ಮನೆಯೊಳಗೆ ಕೂರುತ್ತಿದ್ದೆ. ಕೆಲಸ ಸಿಕ್ಕಿದ ಕೂಡಲೇ ಇಷ್ಟು ದೂರ ಬಂದದ್ದೂ ಅದಕ್ಕೇ ಇರಬಹುದು. ಇಲ್ಲಿ ತೋಡು ಇಲ್ಲ.

ಇನ್ನೊಂದು ಹಾಳೆಯಲ್ಲಿ ಬರೆದು ಸಹಿ ಹಾಕಿದ್ದೇನೆ. ಊರವರಿಗೆ ತೋರಿಸು:

‘ಕುಂಟಲಕಜೆ ಕಟ್ಟದಲ್ಲಿ ನಿಲ್ಲುವ ಹೊಣೆಯನ್ನು ನಮ್ಮ ಮನೆ 1969ರಲ್ಲೇ ಬಿಟ್ಟಿದೆ. ಅಂದಿನಿಂದ ಅದನ್ನು ಹೊತ್ತವರು ಸೀತು. ಅವರು ಯಾರ ಬದಲಿಯೂ ಅಲ್ಲ. ಅವರೋ, ಅವರು ಹೇಳಿದವರೋ ನಿಂತರೆ ಕಟ್ಟ ಕಟ್ಟಬಹುದು.’

ಈ ಪತ್ರವನ್ನು ಅವಳಿಗೆ ಓದಿ ಹೇಳು. ನಾನು ಒಮ್ಮೆ ಬಂದು ನೋಡಬಹುದೇ ಎಂದು ಕೇಳು. ಹುಬ್ಬಳ್ಳಿಯಿಂದ ಪುತ್ತೂರಿಗೆ ಬಸ್ಸು ಇದೆ ಎಂದು ವಿಚಾರಿಸಿದ್ದೇನೆ.

ಈಶ್ವರಿ

---

ಕುಂಟಲಕಜೆ
14 ಡಿಸೆಂಬರ್ 2024

ಈಶ್ವರಿ ಅಮ್ಮನವರಿಗೆ,

ಕಟ್ಟ ಆಯಿತು. ಹಿಂದಿನವರು ಕಟ್ಟಿದಷ್ಟು ಎತ್ತರ ಇಲ್ಲ, ಆದರೆ ಕಣಿಗೆ ನೀರು ಹತ್ತಿದೆ.

ನಿಮ್ಮ ಹಾಳೆಯನ್ನು ಕಿಟ್ಟಣ್ಣನಿಗೆ ಓದಿ ಹೇಳಿದೆ. “ಬದಲಿಗೆ ನಿಂತವರು ಅಸಲು ಆಗುದು ಹೇಗೆ?” ಎಂದರು. ಹಾಳೆ ಕಸಿದುಕೊಂಡು ಕನ್ನಡಕ ಹಾಕಿ ಸಹಿ ನೋಡಿದರು. “ಓ, ಕಜೆಯವರೇ ಬರೆದು ಕೊಟ್ಟಿದ್ದಾರೆ. ಹಾಗಾದರೆ ಆಗಬಹುದು” ಎಂದರು! ನನಗೆ ಮೈ ಉರಿಯಿತು. ನಿಮ್ಮ ಮನೆಯ ಅಪ್ಪಣೆ ಬೇಡ ಎಂದು ಹೇಳಲೂ ನಿಮ್ಮ ಮನೆಯ ಅಪ್ಪಣೆ ಬೇಕಾಯಿತು. ನಾನು ನಾಲ್ಕು ತಿಂಗಳು ಕೂಗಿದ್ದಕ್ಕೆ ಆಗದ್ದು ನಿಮ್ಮ ಎರಡು ಇಂಚಿನ ಸಹಿಗೆ ಆಯಿತು.

ಅಜ್ಜಿಗೂ ಆ ಹಾಳೆಯನ್ನು ಓದಿ ಹೇಳಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂತು. ಅಜ್ಜಿ ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದು ಬರೆಯುತ್ತೇನೆ. “ನಾನು ಅವರಿಗೋಸ್ಕರ ನಿಂತದ್ದು ಅಂತ ನಿನಗೆ ಯಾರು ಹೇಳಿದ್ದು? ನನ್ನ ಗದ್ದೆಗೆ ನೀರು ಬೇಡವಾ? ನೀನು ಒಂದು ಕಾಗದ ಬರೆಯುದು, ಅವರು ಒಂದು ಕಾಗದ ಬರೆಯುದು. ನನ್ನತ್ರ ಬಂದು ಕೇಳಿದ್ದು ಯಾರು?” ಅಜ್ಜಿಗಾಗಿ ಕರಪತ್ರ ಬರೆದಿದ್ದೆ. ಅಜ್ಜಿಯನ್ನು ಒಂದು ಪ್ರಶ್ನೆ ಕೇಳಿರಲಿಲ್ಲ.

ಎಂಟನೆಯ ತಾರೀಕು ಆದಿತ್ಯವಾರ ಕೆಲಸ ಸುರು. ಏಳು ಮನೆಗೂ ಹೇಳಿದ್ದೆ. ಬಂದವರು ಕಿಟ್ಟಣ್ಣ, ನಮ್ಮ ಕೆಳಬದಿಯ ಜೈನಬಮ್ಮ, ಅವರ ಮಗ ಆಶಿಕ್. ಘಟಕದಿಂದ ಇಬ್ಬರು ಗೆಳೆಯರು ಬಂದು ಹತ್ತೂವರೆಗೆ ಮದುವೆ ಉಂಟು ಎಂದು ಹೋದರು. ಅಜ್ಜಿ ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ನಿಲ್ಲಲು ನನಗೆ ಹೇಳಿದರು. ಮೇಲುಬದಿಯವರು ತೋಡು ದಾಟುವ ಸಂಕದ ಮೇಲೆ ನಿಂತು ವಿಡಿಯೋ ಮಾಡಿದರು.

“ಎಂತ ಕಾರ್ಯದರ್ಶಿಗಳೇ, ನೀರು ತಂಪು ಉಂಟಾ?”

“ಒಬ್ಬ ನಿಲ್ಲುದು, ಮೂವರು ಕಟ್ಟುದು. ಒಳ್ಳೆ ಸಮಿತಿ ಮಾರಾಯ್ರೆ!”

ಜೈನಬಮ್ಮ ಮಣ್ಣಿನ ಬುಟ್ಟಿ ಕೆಳಗಿಟ್ಟು, “ಬೇಸಗೆಯಲ್ಲಿ ನಿಮ್ಮ ಬೋರು ನಿಂತರೆ ಕೊಡಪಾನ ಹಿಡಿದು ಬರುದು ನನ್ನ ಬಾವಿಗೇ ಅಲ್ವಾ? ಆಗ ತೋರಿಸಿ ನಿಮ್ಮ ವಿಡಿಯೋ” ಎಂದರು. ಸಂಕ ಸ್ವಲ್ಪ ಹೊತ್ತಿನಲ್ಲಿ ಖಾಲಿಯಾಯಿತು. ನಗುವವರೂ ಹೋದ ಮೇಲೆ ತೋಡಿನ ಸದ್ದು ಮಾತ್ರ ಇತ್ತು. ಮೂರು ಜನ ಕಲ್ಲು ತರುವುದು ಎಷ್ಟು ನಿಧಾನ! ಬೆಳಿಗ್ಗೆ ಎಂಟಕ್ಕೆ ಇಳಿದವನು ಸಂಜೆ ನಾಲ್ಕಕ್ಕೆ ಹತ್ತಿದೆ. ಕಾಲು ನನ್ನದು ಎಂದು ಗೊತ್ತಾಗುತ್ತಿರಲಿಲ್ಲ. ನಡುವೆ, ಹತ್ತಿ ಬಂದು ಸಹಾಯ ಮಾಡಲೇ ಎಂದು ಎರಡು ಸಲ ಕೇಳಿದೆ. ಅಜ್ಜಿ ಬಿಡಲಿಲ್ಲ. “ಸಾಲು ಮುಗಿಯಲಿಲ್ಲ, ನಿಲ್ಲು” ಎಂದರು. ನಾನು ನಿಂತಿದ್ದೇನೆ ಎಂಬ ಧೈರ್ಯದಲ್ಲಿ ಆಶಿಕ್ ಕೆಳಗೆ ಬಗ್ಗಿ ಕಲ್ಲು ಕೂರಿಸುತ್ತಿದ್ದ. ನಿಂತು ನೋಡುವುದೂ ಕೆಲಸ ಎಂದು ಆಗ ತಿಳಿಯಿತು.

ಉಳಿದದ್ದು ಮುಗಿಸಲು ಇನ್ನೂ ನಾಲ್ಕು ದಿನ ಬೇಕಾಯಿತು. ನಿನ್ನೆ ಜೈನಬಮ್ಮನ ಬಾವಿಯಲ್ಲಿ ನೀರು ಒಂದು ಗೇಣು ಏರಿದೆ.

ದಿಶಾಂತ್

---

ಹುಬ್ಬಳ್ಳಿ
28 ಡಿಸೆಂಬರ್ 2024

ದಿಶಾಂತ್,

ಜೈನಬಮ್ಮನ ಬಾವಿಯ ವಿಷಯ ಓದಿ ಸಂತೋಷವಾಯಿತು. ಆ ವಾಕ್ಯವನ್ನು ಪಕ್ಕದ ಮನೆಯ ಹುಡುಗಿಗೆ ತೋರಿಸಿದೆ. ಅವಳು ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ.

ಸೀತು ಹೇಳಿದ್ದು ಸರಿ. ನಾನೂ ಅವಳನ್ನು ಕೇಳಲಿಲ್ಲ. ಐವತ್ತೈದು ವರ್ಷ ಅವಳು ನನಗಾಗಿ ನಿಂತಳು ಎಂದುಕೊಂಡು ಬದುಕಿದೆ. ಅದೂ ಒಂದು ದೊಡ್ಡಸ್ತಿಕೆ.

ಅವಳಿಗೆ ಹಾಳೆಯನ್ನು ಓದಿದೆ ಎಂದು ಬರೆದಿದ್ದೀಯ. ಪತ್ರವನ್ನು ಓದಿದೆಯಾ? ನಾನು ಬರುವ ವಿಷಯದಲ್ಲಿ ನೀನು ಏನೂ ಬರೆದಿಲ್ಲ. ಅವಳು ಬೇಡ ಎಂದಿದ್ದರೆ ಹಾಗೆಂದೇ ಬರೆ. ಶಾಲೆಯಲ್ಲಿ ಮಕ್ಕಳಿಗೆ ಅಂಕ ಕೊಟ್ಟು ಅಭ್ಯಾಸ ಇದೆ, ತೆಗೆದುಕೊಂಡೂ ಅಭ್ಯಾಸವಾಗಲಿ.

ಈಶ್ವರಿ

---

ಕುಂಟಲಕಜೆ
6 ಜನವರಿ 2025

ಈಶ್ವರಿ ಅಮ್ಮನವರಿಗೆ,

ಓದಿರಲಿಲ್ಲ. ಹಾಳೆಯನ್ನು ಮಾತ್ರ ಓದಿ, ಪತ್ರವನ್ನು ಮಡಚಿ ಇಟ್ಟಿದ್ದೆ. ಮೊದಲು ನಿಮ್ಮ ಮೇಲಿನ ಸಿಟ್ಟಿಗೆ ಓದಲಿಲ್ಲ. ನೀರಿನಲ್ಲಿ ನಿಂತು ಬಂದ ಮೇಲೆ ನಿಮ್ಮ ಹೆದರಿಕೆ ನನಗೂ ಅರ್ಥವಾಗಿತ್ತು. ಆಗ ನಿಮ್ಮ ಮರ್ಯಾದೆ ಹೋಗುತ್ತದೆ ಎಂದು ಓದಲಿಲ್ಲ. ಎರಡೂ ನಾನೇ ತೀರ್ಮಾನಿಸಿದ್ದು. ಸಮಿತಿಯ ಕೆಟ್ಟ ಅಭ್ಯಾಸ.

ನಿನ್ನೆ ಮಧ್ಯಾಹ್ನ ಪೂರ್ತಿ ಓದಿ ಹೇಳಿದೆ. ನೀವು ಹತ್ತಿ ಓಡಿದ ಭಾಗ ಬಂದಾಗ ಅಜ್ಜಿ ಇನ್ನೊಮ್ಮೆ ಓದಿಸಿದರು. “ಹೆದರಿಕೆಯಾ? ನಾನು ಚಳಿ ಅಂತ ಎಣಿಸಿದ್ದೆ” ಎಂದರು. ಆಮೇಲೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ನೀವು ಬರುವ ವಿಷಯ ಕೇಳಿದೆ.

“ಬಂದು ಎಂತ ಮಾತಾಡುದು? ಅವರಿಗೆ ಕಿವಿ ಕೇಳುದಿಲ್ಲ. ನನಗೆ ಬರೆಯಲಿಕ್ಕೆ ಬರುದಿಲ್ಲ.”

ನಡುವೆ ನಾನು ಕೂತು ಬರೆದು ಕೊಡುತ್ತೇನೆ ಎಂದೆ.

“ನೀನಾ? ನೀನು ಅರ್ಧ ಬಿಟ್ಟು ಓದುವವ.”

ಎದ್ದು ಒಳಗೆ ಹೋದವರು ತಿರುಗಿ ಬಂದು ಬಾಗಿಲಲ್ಲಿ ನಿಂತರು. “ಇದೊಂದನ್ನು ಬಿಡದೆ ಬರೆ” ಎಂದರು. ಬರೆಯಲೇ ಎಂದು ನಾನು ಎರಡು ಸಲ ಕೇಳಿದೆ. ಬರೆ ಎಂದರು. ಅವರು ಹೇಳಿದ್ದು ಇಷ್ಟು:

“ಈಶ್ವರಕ್ಕ, ಆ ವರ್ಷ ಮಳೆ ಬೇಗ ಹೋಗಿತ್ತು. ತೋಡಲ್ಲಿ ನೀರು ಮೊಣಕಾಲಿನವರೆಗೆ ಮಾತ್ರ ಇದ್ದದ್ದು. ನಿಲ್ಲಬಹುದಿತ್ತು ನೀವು.”

ದಿಶಾಂತ್